ಹದಿನಾಲ್ಕನೇ ನಂಬರಿನ ಮುಂದಿನ ಜಾಗ

ಆಲ್ಮಾ ಸ್ಟ್ರೀಟಿನಲ್ಲಿ ಮನೆ ಮುಂದಿನ ರಸ್ತೆ ಯಾರಪ್ಪನ ಆಸ್ತಿಯೂ ಅಲ್ಲ. ಕಾನೂನು ಹಾಗೆಂದು ಹೇಳುತ್ತದೆ, ಕೇಳಿದರೆ ಬೀದಿಯವರೂ ಹಾಗೆಂದೇ ಹೇಳುತ್ತಾರೆ. ಆದರೂ ಅವರವರ ಮನೆ ಮುಂದಿನ ಒಂದು ಕಾರಿನಷ್ಟು ಜಾಗ ಅವರವರದೇ. ಕಾರು ತೆಗೆದುಕೊಂಡು ಅಂಗಡಿಗೆ ಹೋಗಬೇಕಾದರೆ ಅಲ್ಲೊಂದು ಕಸದ ಡಬ್ಬವನ್ನೋ, ರಸ್ತೆ ರಿಪೇರಿಯವರಿಂದ ಎಗರಿಸಿದ ಕಿತ್ತಳೆ ಬಣ್ಣದ ಕೋನನ್ನೋ ಇಟ್ಟು ಹೋಗುತ್ತಾರೆ. ಹೊಸಬರು ಯಾರಾದರೂ ಅದನ್ನು ಸರಿಸಿ ತಮ್ಮ ಕಾರು ನಿಲ್ಲಿಸಿದರೆ ಜಗಳಕ್ಕೆ ಯಾರೂ ಬರುವುದಿಲ್ಲ. ಸುಮ್ಮನೆ ಒಂದು ವರ್ಷ ಮಾತು ಬಿಡುತ್ತಾರೆ.

ಹದಿನಾಲ್ಕನೇ ನಂಬರಿನ ಮುಂದಿನ ಜಾಗ ಗ್ಲೆಂಡಾ ಸಗ್ಡೆನ್‌ಳದು. ಅಲ್ಲಿ ಅವಳ ಗಂಡ ಕೀತನ ತಿಳಿನೀಲಿ ಕಾರು ನಿಂತಿತ್ತು. ಕೀತ್ ತೀರಿಕೊಂಡು ಮೂರು ವರ್ಷವಾಗಿತ್ತು. ಗ್ಲೆಂಡಾಗೆ ಕಾರು ಓಡಿಸಲು ಬಾರದು. ಹಾಗಾಗಿ ಕಾರು ಅಲ್ಲಿಂದ ಒಂದು ಗೇಣೂ ಅಲ್ಲಾಡಿರಲಿಲ್ಲ. ಟೈರುಗಳ ಗಾಳಿ ಇಳಿದಿತ್ತು, ಕಿಟಕಿಯ ರಬ್ಬರಿನ ಸಂದಿಯಲ್ಲಿ ಪಾಚಿ ಕಟ್ಟಿತ್ತು. ಆದರೂ ಭಾನುವಾರ ಬೆಳಿಗ್ಗೆ ಕೀತ್ ಮಾಡುತ್ತಿದ್ದ ಹಾಗೆಯೇ ಅವಳು ಬಕೆಟ್ಟು, ಸ್ಪಂಜು ಹಿಡಿದು ಹೊರಗೆ ಬಂದು ಅದನ್ನು ತೊಳೆಯುತ್ತಿದ್ದಳು. ಬೆಳಿಗ್ಗೆ ಎದ್ದು ಮುಂದಿನ ಕೋಣೆಯ ಪರದೆ ಸರಿಸಿದರೆ ಆ ನೀಲಿ ಕಾಣಬೇಕು. ಕಂಡ ಕೂಡಲೇ, ಕಾರು ಇದೆ ಅಂದಮೇಲೆ ಅವನೂ ಮನೆಯಲ್ಲೇ ಇದ್ದಾನೆ ಎಂದು ಅರೆಗಳಿಗೆ ಅನ್ನಿಸುತ್ತಿತ್ತು. ಆ ಅರೆಗಳಿಗೆಯನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ, ಹೇಳುವಂಥ ವಿಷಯ ಎಂದೂ ಅನ್ನಿಸಿರಲಿಲ್ಲ.

ಬೀದಿಯ ಒಂದು ಸಾಲಿಗೆ ಸಮಸಂಖ್ಯೆ, ಎದುರು ಸಾಲಿಗೆ ಬೆಸಸಂಖ್ಯೆ. ಹಾಗೆ ಪಕ್ಕದ್ದೇ ಆದ ಹದಿನಾರನೇ ನಂಬರಿಗೆ ಕರ್ಸ್ಟಿ ಎಂಬ ಹುಡುಗಿ ಬಾಡಿಗೆಗೆ ಬಂದಳು. ಗಂಡ ಇಲ್ಲ, ಅಂದರೆ ಎಲ್ಲೋ ಇದ್ದಾನೆ, ಇಲ್ಲಿಲ್ಲ. ಇರುವುದು ಒಬ್ಬಳೇ ಮಗಳು, ಎಫಿ, ಒಂಬತ್ತು ವರ್ಷದವಳು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಅವಳ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ದೊಡ್ಡ ಗಾಲಿಕುರ್ಚಿಯಲ್ಲಿ ಬೆಲ್ಟು ಬಿಗಿದುಕೊಂಡು ಕೂತಿರುತ್ತಿದ್ದಳು. ಮಾತು ಕೆಲವೇ ಕೆಲವು. ಬಾಯಿ ತುಂಬಾ ನಗು. ಬೆಳಿಗ್ಗೆ ಬಾಗಿಲಿನಿಂದ ಹೊರಗೆ ತಂದ ಕೂಡಲೇ ಅವಳ ಬಲಗೈ ತಡವರಿಸುತ್ತಾ ನೀಲಿ ಕಾರಿನ ಕಡೆಗೆ ಚಾಚುತ್ತಿತ್ತು. ಅದನ್ನು ಎರಡು ಸಲ ಪಟಪಟ ಬಡಿದು, ಬ್ಲೂ ಎನ್ನಲು ಬಾರದೆ "ಬೂ!" ಎಂದ ಹೊರತು ಅವಳ ದಿನ ಶುರುವಾಗುತ್ತಿರಲಿಲ್ಲ.

ಅವಳ ಶಾಲೆ ಕಣಿವೆಯ ಆಚೆ ಇತ್ತು. ಅಂಥ ಮಕ್ಕಳದೇ ಶಾಲೆ. ಊರಾಡಳಿತದ ಕೌನ್ಸಿಲಿನ ಬಿಳಿ ಬಸ್ಸು ಮನೆ ಬಾಗಿಲಿಗೆ ಬಂದು ಕರೆದೊಯ್ಯುತ್ತಿತ್ತು. ಆ ಬಸ್ಸು ಒಂದು ಮನೆಯ ಅಗಲಕ್ಕೆ ಹಿಡಿಸುವಂಥದ್ದಲ್ಲ. ಹಿಂಬದಿಯ ಬಾಗಿಲು ತೆರೆದು ಲಿಫ್ಟು ಇಳಿಸಬೇಕು, ಅದಕ್ಕೂ ಜಾಗ ಬೇಕು. ಕರ್ಸ್ಟಿಗೆ ಕಾರಿಲ್ಲದ್ದರಿಂದ ಹದಿನಾರರ ಮುಂದೆ ಖಾಲಿಯೇ ಇತ್ತು, ಹದಿನಾಲ್ಕರ ಮುಂದೆ ಕೀತನ ಕಾರು. ಹಾಗಾಗಿ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತಿತ್ತು. ಎರಡೂ ಬದಿಯಲ್ಲಿ ಕಾರುಗಳ ಸಾಲು, ನಡುವೆ ಬಸ್ಸು. ಎಫಿಯ ಕುರ್ಚಿ ಮೇಲೇರಿ, ಒಳಗೆ ಹೋಗಿ, ನಾಲ್ಕೂ ಮೂಲೆಗೆ ಪಟ್ಟಿ ಬಿಗಿಯುವ ತನಕ ಬೀದಿಗೆ ಬೀದಿಯೇ ಬಂದ್.

ಎಲ್ಲರೂ ಒಳಗೊಳಗೇ ಕುದಿಯುತ್ತಿದ್ದರು. ಬಾಯಿ ಬಿಟ್ಟವನು ಎದುರು ಸಾಲಿನ ಹತ್ತೊಂಬತ್ತರ ಕ್ರೇಗ್ ಒಬ್ಬನೇ. ಗಾರೆ ಕೆಲಸದವನು. ಬಾಯಿ ದೊಡ್ಡದು, ವ್ಯಾನು ಇನ್ನೂ ದೊಡ್ಡದು. ಒಂದು ದಿನ ಬಸ್ಸಿನ ಹಿಂದೆ ಸಿಕ್ಕಿಬಿದ್ದು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಡ್ರೈವರನಿಗೆ ಕೂಗಿದ: "ಏನ್ ಹನೀಫ್, ಇವತ್ತು ಇಲ್ಲೇ ಬಿಡಾರ ಹೂಡ್ತೀಯಾ? ಹಾಸಿಗೆ ತಂದು ಹಾಸ್ಲಾ?"

"ಎರಡು ನಿಮಿಷ ತಡ್ಕೊಳೋ," ಎಂದ ಹನೀಫ್, ಲಿಫ್ಟಿನ ಗುಂಡಿ ಒತ್ತುತ್ತಾ.

"ದಿನಾ ನಿಂದು ಎರಡೇ ನಿಮಿಷ! ನಂಗೂ ಹೊಟ್ಟೆಪಾಡಿದೆ ಮಾರಾಯ, ಅಲ್ಲಿ ಕಲಸಿಟ್ಟ ಗಾರೆ ಕಲ್ಲಾಗುತ್ತೆ!"

ಕರ್ಸ್ಟಿ ತಿರುಗಿ ನಿಂತಳು. "ಅವಳೇನು ಸಿಮೆಂಟ್ ಮೂಟೇನಾ ಕ್ರೇಗ್, ಎತ್ತಿ ಒಗೆಯೋಕೆ?"

"ನಾನೆಲ್ಲಿ ಮಗೂನ ಅಂದೆ? ಬಸ್ಸನ್ನ ಅಂದೆ!"

ಅಷ್ಟರಲ್ಲಿ ಗ್ಲೆಂಡಾಳ ಬಾಗಿಲು ತೆರೆಯಿತು. ರಾತ್ರಿಯಂಗಿಯ ಮೇಲೆ ಕೋಟು ಎಳೆದುಕೊಂಡು, ಕಾಲಲ್ಲಿ ಮನೆ ಚಪ್ಪಲಿ, ಅವಳು ಮೆಟ್ಟಿಲಿಳಿದು ವ್ಯಾನಿನ ಮುಂದೆಯೇ ಹೋಗಿ ನಿಂತಳು. "ನಾಚಿಕೆ ಆಗಲ್ವೇನೋ ನಿಂಗೆ? ಅಷ್ಟು ಸಣ್ಣ ಮಗು ಎದುರಿಗೆ ಇಷ್ಟು ದೊಡ್ಡ ಗಂಟಲು! ನಿನ್ನ ತಾಯಿ ಒಳಗೆ ಮಲಗಿದ್ದಾರೆ, ಅವರು ಕೇಳಿಸ್ಕೊಂಡ್ರೆ ಏನಂದ್ಕೊಂಡಾರು?"

"ನಾಚಿಕೆ ನಂಗಾ?" ಕ್ರೇಗ್ ಕಿಟಕಿಯಿಂದ ಕೈ ಚಾಚಿ ತೋರಿಸಿದ. "ನಿಂತಿದೆಯಲ್ಲ ಅಲ್ಲಿ, ಆ ನೀಲಿ ಡಬ್ಬಾ, ಅದನ್ನ ತೆಗೀರಿ. ಬಸ್ಸು ಪಕ್ಕಕ್ಕೆ ಸರಿಯುತ್ತೆ, ನಾನು ಹೋಗ್ತೀನಿ, ಎಲ್ರೂ ಹೋಗ್ತಾರೆ."

ಉತ್ತರ ಕೊಟ್ಟವಳು ಕರ್ಸ್ಟಿ. "ಅದು ಕೀತ್ ಕಾರು ಕಣೋ! ಸತ್ತವರನ್ನೂ ಬಿಡಲ್ವಾ ನೀನು?"

ಕ್ರೇಗ್ ತಲೆ ಒಳಗೆಳೆದುಕೊಂಡು ಕಿಟಕಿಯ ಗಾಜು ಏರಿಸಿದ. ಆ ದಿನದಿಂದ ಬೀದಿಯಲ್ಲಿ ಗ್ಲೆಂಡಾ ಒಳ್ಳೆಯವಳಾದಳು, ಕ್ರೇಗ್ ಕೆಟ್ಟವನಾದ. ಕರ್ಸ್ಟಿ ಸಂಜೆ ಬಂದು ತಬ್ಬಿಕೊಂಡಳು. ಗ್ಲೆಂಡಾ ಶುಂಠಿ ಹಾಕಿದ ಕೇಕು ಬೇಯಿಸಿ ಕಳಿಸಿದಳು. ಕರ್ಸ್ಟಿ ಕೆಲಸಕ್ಕೆ ಹೋದಾಗ ಅವಳ ಪಾರ್ಸೆಲ್ಲುಗಳನ್ನು ತೆಗೆದಿಟ್ಟುಕೊಳ್ಳುವುದು ಗ್ಲೆಂಡಾಳ ಪಾಲಿಗೆ ಬಂತು. ಆ ಬೀದಿಯಲ್ಲಿ ಯಾರ ಪಾರ್ಸೆಲ್ ಯಾರ ಮನೆಯಲ್ಲಿ ಇಳಿಯುತ್ತದೆ ಎಂದು ನೋಡಿದರೆ ಯಾರಿಗೆ ಯಾರ ಮೇಲೆ ನಂಬಿಕೆ ಎಂದು ಗೊತ್ತಾಗುತ್ತದೆ. ಗ್ಲೆಂಡಾಗೆ ಇದು ಹಿತವಾಗಿತ್ತು. ಕೀತ್ ಹೋದಮೇಲೆ ಯಾರೂ ಅವಳನ್ನು ಅಷ್ಟು ಗಟ್ಟಿಯಾಗಿ ತಬ್ಬಿಕೊಂಡಿರಲಿಲ್ಲ.

ಅಕ್ಟೋಬರಿನಲ್ಲಿ ಕೌನ್ಸಿಲಿನಿಂದ ಒಬ್ಬ ಹುಡುಗಿ ಬಂದಳು. ಟೇಪು ಹಿಡಿದು ರಸ್ತೆ ಅಳೆದಳು, ಫುಟ್‌ಪಾತ್ ಅಳೆದಳು, ಆಮೇಲೆ ಗ್ಲೆಂಡಾಳ ಬಾಗಿಲು ತಟ್ಟಿದಳು. ಒಳಗೆ ಕೂರಿಸಿ ಟೀ ಕೊಟ್ಟದ್ದಾಯಿತು. ಹುಡುಗಿ ವಿಷಯಕ್ಕೆ ಬಂದಳು: "ಹದಿನಾಲ್ಕು, ಹದಿನಾರು ಎರಡರ ಮುಂದೂ ಬಿಳಿ ಗೆರೆ ಎಳೆದು ಬಸ್ಸಿಗೇ ಅಂತ ಜಾಗ ಬಿಟ್ರೆ ಯಾರಿಗೂ ತೊಂದ್ರೆ ಇರಲ್ಲ. ನಿಮ್ಮ ಕಾರನ್ನ ಬೇರೆ ಕಡೆ ನಿಲ್ಲಿಸ್ಬೇಕಾಗುತ್ತೆ, ಅಷ್ಟೆ. ನಿಮ್ಮ ಅಭ್ಯಂತರ ಏನಾದ್ರೂ..."

"ನಂದೇನಮ್ಮ ಅಭ್ಯಂತರ? ಪಾಪದ ಮಗು ಅದು. ಇನ್ನೊಂದು ಬಿಸ್ಕತ್ತು ತಗೋ," ಎಂದಳು ಗ್ಲೆಂಡಾ.

ಮುಖಕ್ಕೆ ಮುಖ ಕೊಟ್ಟು ಬೇಡ ಎನ್ನುವ ವಿದ್ಯೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳಿಗೆಂದಲ್ಲ, ಆ ದೇಶದಲ್ಲೇ ಅದು ಕಮ್ಮಿ. ಎದುರಿಗೆ 'ಅಯ್ಯೋ ಅದಕ್ಕೇನಂತೆ' ಎನ್ನುತ್ತಾರೆ, ಬಾಗಿಲು ಹಾಕಿಕೊಂಡ ಮೇಲೆ ಒಳಗೊಳಗೇ ಉರಿಯುತ್ತಾರೆ. ಹುಡುಗಿ ಹೋದಮೇಲೆ ಗ್ಲೆಂಡಾ ಕಿಟಕಿಯ ಬಳಿ ನಿಂತು ನೀಲಿ ಕಾರನ್ನು ನೋಡಿದಳು. ಅದಿಲ್ಲದ ಕಿಟಕಿಯನ್ನು ಊಹಿಸಿಕೊಂಡಳು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಕೌನ್ಸಿಲಿಗೆ ಫೋನ್ ಮಾಡಿದಳು.

ಬೇರೆ ಯಾರೋ ಗಂಡಸು ಮಾತಾಡಿದ. "ನಿಮ್ಮ ಹೆಸರು?"

"ಹೆಸರು ಬೇಡಪ್ಪ. ಆಲ್ಮಾ ಸ್ಟ್ರೀಟಿನವಳು ಅಂತ ಇಟ್ಕೊ. ಆ ಬಸ್ಸಿಗೆ ಜಾಗ ಮಾಡ್ತೀರಂತಲ್ಲ, ಅದು ಬೇಡ ಅಂತ ನಂಗನ್ಸುತ್ತೆ."

"ಯಾಕೆ ಅಂತ ಹೇಳಿದ್ರೆ ಒಳ್ಳೇದು. ಸುಮ್ನೆ ಬೇಡ ಅಂದ್ರೆ ನಾವೇನು ಬರ್ಕೊಳೋದು?"

ಯಾಕೆ? ನನ್ನ ಗಂಡನ ಕಾರು ಅಲ್ಲಿದೆ ಎಂದು ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಏನಾದರೂ ತೂಕದ ಮಾತು ಬೇಕಿತ್ತು, ತಲೆಗೆ ಹೊಳೆದದ್ದು ಕ್ರೇಗನ ತಾಯಿ. ವಸಂತದಲ್ಲಿ ಆ ಮುದುಕಿಗೆ ಉಸಿರು ಕಟ್ಟಿ ಆಂಬುಲೆನ್ಸ್ ಬಂದಿತ್ತು. ಬಂದದ್ದು ಮಧ್ಯಾಹ್ನ, ಆಗ ಬೀದಿಯಲ್ಲಿ ಯಾವ ಬಸ್ಸೂ ಇರಲಿಲ್ಲ. ಗ್ಲೆಂಡಾ ಹೇಳಿದಳು: "ಮೊನ್ನೆ ಮೊನ್ನೆ ಆಂಬುಲೆನ್ಸ್ ಬಂದು ಈ ಬಸ್ಸಿನ ಹಿಂದೆ ನಿಂತೇ ಇತ್ತು. ಒಳಗೆ ಉಸಿರಾಡೋಕೆ ಆಗದೆ ಒದ್ದಾಡ್ತಿದ್ರು. ಯಾರಾದ್ರೂ ಸತ್ತಿದ್ರೆ ಯಾರು ಹೊಣೆ?"

ಆ ಕಡೆ ಗಂಡಸಿನ ದನಿ ಬದಲಾಯಿತು. "ಇದು ಗಂಭೀರ ವಿಷಯ. ಹೇಳಿದ್ದು ಒಳ್ಳೇದಾಯ್ತು," ಎಂದ. ಗ್ಲೆಂಡಾ ಫೋನ್ ಇಟ್ಟಳು. ಇನ್ನೇನು, ಬಿಳಿ ಗೆರೆ ಎಳೆಯುವುದಿಲ್ಲ, ಎಲ್ಲ ಮೊದಲಿನ ಹಾಗೆಯೇ ನಡೆಯುತ್ತದೆ ಎಂದುಕೊಂಡಳು. ಅವಳಿಗೆ ಬೇಕಿದ್ದದ್ದು ಅಷ್ಟೇ, ಇದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತಿದ್ದಳು.

ಮೊದಲಿನ ಹಾಗೆ ನಡೆಯಲಿಲ್ಲ. ಬೀದಿಗೆ ಆಂಬುಲೆನ್ಸ್ ಬರಲಾಗುತ್ತಿಲ್ಲ ಎಂದು ನಿವಾಸಿಯೊಬ್ಬರು ತಿಳಿಸಿದ್ದಾರೆ, ಆದ್ದರಿಂದ ಇನ್ನು ಮುಂದೆ ಶಾಲೆಯ ಬಸ್ಸು ಆಲ್ಮಾ ಸ್ಟ್ರೀಟಿನ ಒಳಗೆ ಬರುವುದಿಲ್ಲ, ಕೆಳಗಿನ ಹೆದ್ದಾರಿಯಲ್ಲಿ ಹಳೇ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನ ಮುಂದೆ ನಿಲ್ಲುತ್ತದೆ, ಮಗುವನ್ನು ಅಲ್ಲಿಗೆ ಕರೆತರಬೇಕು ಎಂದು ಕರ್ಸ್ಟಿಗೆ ಹೇಳಿದರು.

ಆಲ್ಮಾ ಸ್ಟ್ರೀಟ್ ಎಂದರೆ ಕಲ್ಲು ಹಾಸಿದ ಕಡಿದಾದ ಇಳಿಜಾರು. ಬರಿಗೈಯಲ್ಲಿ ಹತ್ತಿದರೂ ಏದುಸಿರು. ಆ ಭಾರದ ಕುರ್ಚಿಯನ್ನು ಹಿಂದಕ್ಕೆ ಜಗ್ಗಿ ಹಿಡಿದು ಇಳಿಸಬೇಕು, ಸಂಜೆ ಎದೆ ಕೊಟ್ಟು ತಳ್ಳಬೇಕು. ಕರ್ಸ್ಟಿ ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದಳು. ದಿನಾ ತಡವಾಗಿ, ಕೊನೆಗೆ ಆ ಪಾಳಿ ಹೋಯಿತು. ನವೆಂಬರಿನ ಮಳೆಗೆ ಎಫಿಗೆ ಕೆಮ್ಮು ಹತ್ತಿತು. ಆದರೂ ಹೊರಗೆ ಬಂದಾಗ ನೀಲಿ ಕಾರನ್ನು ಬಡಿದು "ಬೂ!" ಎನ್ನುವುದನ್ನು ಬಿಡಲಿಲ್ಲ. ಆ ಸದ್ದು ಗೋಡೆ ದಾಟಿ ಒಳಗೆ ಬರುತ್ತಿತ್ತು. ಗ್ಲೆಂಡಾ ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೈಯಲ್ಲಿದ್ದ ಟೀ ಆರಿ ಹೋಗುತ್ತಿತ್ತು.

ಒಂದು ಸಂಜೆ ಕರ್ಸ್ಟಿ ಪಾರ್ಸೆಲ್ ತೆಗೆದುಕೊಳ್ಳಲು ಬಂದವಳು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು. "ಕ್ರೇಗ್‌ದೇ ಕೆಲ್ಸ. ಈ ಬೀದಿಗೆ ಆಂಬುಲೆನ್ಸ್ ಬಂದಿದ್ದು ಅವನ ಮನೆಗೆ ಮಾತ್ರ. ಅವತ್ತು ಬಸ್ಸು ಇರ್ಲೇ ಇಲ್ಲ ಗ್ಲೆಂಡಾ! ನನ್ನ ಮಗು ಮೇಲೆ ಸುಳ್ಳು ಹೇಳಿದ್ದಾನಲ್ಲ ಅವನು, ಎಂಥ ಕರುಳು ಇರ್ಬೇಕು?"

ತಾನು ಹೇಳಿದ ಸುಳ್ಳು ಹೋಗಿ ಯಾರ ತಲೆಯ ಮೇಲೆ ಕೂರುತ್ತದೆ ಎಂದು ಗ್ಲೆಂಡಾ ಯೋಚಿಸಿಯೇ ಇರಲಿಲ್ಲ. ಈಗ ಹೇಳಬೇಕು. ಇದೇ ಹೊತ್ತು. ಬಾಯಿ ತೆರೆದಳು, ನಾಲಿಗೆ ಹೊರಳಿದ್ದು ಬೇರೆ ಕಡೆಗೆ. "ಇನ್ನೊಂದು ಲೋಟ ಟೀ ಹಾಕ್ಲಾ ಚಿನ್ನ?"

"ನೀವೊಬ್ರು ಇಲ್ದಿದ್ರೆ ನಾನು ಈ ಬೀದೀಲಿ ಇರ್ತಾನೇ ಇರ್ಲಿಲ್ಲ," ಎಂದಳು ಕರ್ಸ್ಟಿ.

ಸುದ್ದಿ ಹಬ್ಬಿತು. ಅಂಗಡಿಯಲ್ಲಿ ಕ್ರೇಗ್ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಕ್ರಿಸ್‌ಮಸ್ ಸಮಯದಲ್ಲಿ ಬೀದಿಯವರೆಲ್ಲ ಸೇರಿ ಕುಡಿಯುವ ಬಿಸಿ ವೈನಿಗೆ ಅವನನ್ನೂ ಅವನ ತಾಯಿಯನ್ನೂ ಯಾರೂ ಕರೆಯಲಿಲ್ಲ. ವ್ಯಾನಿನ ಬಾಗಿಲ ಮೇಲೆ ಯಾರೋ ಮೊಳೆಯಿಂದ ಉದ್ದಕ್ಕೆ ಗೀಚಿದರು. ಬಾಯಿಬಡುಕ ಕ್ರೇಗ್ ತುಟಿ ಪಿಟಕ್ಕೆನ್ನಲಿಲ್ಲ. ಗ್ಲೆಂಡಾಗೆ ಅದೇ ಹೆಚ್ಚು ಕಷ್ಟವಾಯಿತು. ಅವನು ಬೀದಿಯಲ್ಲಿ ನಿಂತು ಕಿರುಚಿದ್ದರೆ, ನಾನಲ್ಲ ಎಂದಿದ್ದರೆ, ಅವಳ ಕೈಯಿಂದ ವಿಷಯ ಜಾರಿಹೋಗುತ್ತಿತ್ತು. ಈಗ ಅದು ಅವಳೊಬ್ಬಳ ಹೊಟ್ಟೆಯಲ್ಲಿತ್ತು.

ಜನವರಿಯಲ್ಲಿ ನೆಲ ಹೆಪ್ಪುಗಟ್ಟಿತು. ಒಂದು ಮುಂಜಾನೆ ನಿದ್ದೆ ಬಾರದೆ ಪರದೆ ಸರಿಸಿದ ಗ್ಲೆಂಡಾ ಬೀದಿದೀಪದ ಕೆಳಗೆ ಒಬ್ಬ ಮನುಷ್ಯನನ್ನು ಕಂಡಳು. ಮೂಲೆಯಲ್ಲಿ ಕೌನ್ಸಿಲಿನವರು ಇಟ್ಟಿರುವ ಹಳದಿ ಡಬ್ಬದಿಂದ, ಹಿಮ ಕರಗಿ ಕಾಲು ಜಾರದಿರಲೆಂದು ಎರಚುವ ಉಪ್ಪು ಬೆರೆಸಿದ ಮರಳನ್ನು ಬಕೆಟ್ಟಿನಲ್ಲಿ ತಂದು, ಗಾರೆಯ ಸಲಿಕೆಯಿಂದ ಹದಿನಾರರ ಬಾಗಿಲಿನಿಂದ ಹಿಡಿದು ಇಳಿಜಾರಿನ ಉದ್ದಕ್ಕೂ ಎರಚುತ್ತಿದ್ದ. ಗಾಲಿಕುರ್ಚಿ ಹೋಗುವಷ್ಟೇ ಅಗಲದ ಒಂದು ದಾರಿ. ಅದು ಕ್ರೇಗ್. ಮರುದಿನವೂ ಬಂದ, ಅದರ ಮರುದಿನವೂ.

ಗ್ಲೆಂಡಾ ಒಂದು ದಿನ ತಡೆಯಲಾರದೆ ಬಾಗಿಲು ತೆಗೆದಳು. "ಯಾಕೋ ಇದೆಲ್ಲ? ನೀನಲ್ಲ ಅಂತ ಅವಳಿಗೆ ಹೇಳಬಾರ್ದಾ?"

"ನಾನಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅವಳು ಬಾಗಿಲನ್ನು ಅರ್ಧ ಮುಚ್ಚಿದಳು. ಆದರೆ ಅವನು ಅನುಮಾನದಿಂದ ಕೇಳಿರಲಿಲ್ಲ. ನೆಲ ನೋಡುತ್ತಲೇ ಮುಂದುವರಿಸಿದ: "ಯಾರು ನಂಬ್ತಾರೆ ಬಿಡಿ. ಹಾರ್ನ್ ಹೊಡೆದೋನು ನಾನೇ ತಾನೆ? ಮಗು ಮುಂದೆ ಕಿರುಚಿದ್ದೂ ನಾನೇ. ಅದೇನು ಸುಳ್ಳಲ್ವಲ್ಲ. ಅಮ್ಮ ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ." ಬಕೆಟ್ಟು ಎತ್ತಿಕೊಂಡು ಕೆಳಗೆ ನಡೆದ.

ಹೇಳಬಹುದಾಗಿದ್ದ ಎರಡನೆಯ ಹೊತ್ತೂ ಹೀಗೆ ಕಳೆಯಿತು. ನಾಳೆ ಹೇಳುತ್ತೇನೆ ಎಂದು ಗ್ಲೆಂಡಾ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಾಗ ಅದನ್ನು ನಂಬಿಯೂ ಇದ್ದಳು.

ಮರುದಿನ ಕರ್ಸ್ಟಿ ಎಂದಿಗಿಂತ ಬೇಗ ಬಾಗಿಲು ತೆಗೆದಳು, ಕ್ರೇಗ್ ಇನ್ನೂ ಅಲ್ಲೇ ಇದ್ದ. ಅವಳ ಕೂಗಿಗೆ ಎರಡೂ ಸಾಲಿನ ದೀಪ ಹತ್ತಿದವು. "ಇದೇನು ಹೊಸ ನಾಟ್ಕ? ನನ್ನ ಮಗಳ ಬಸ್ಸು ತಪ್ಪಿಸಿ ಈಗ ಉಪ್ಪು ಎರಚ್ತೀಯಾ? ನಿನ್ನ ಉಪ್ಪು ನಿನ್ನ ಮನೇಲೇ ಇಟ್ಕೊ! ನನ್ನ ಬಾಗಿಲ ಹತ್ರ ಇನ್ನೊಂದ್ಸಲ ಕಂಡ್ರೆ ಪೊಲೀಸರನ್ನ ಕರೀತೀನಿ!"

ಕ್ರೇಗ್ ಸಲಿಕೆಯನ್ನು ಬಕೆಟ್ಟಿನೊಳಗೆ ಹಾಕಿ ರಸ್ತೆ ದಾಟಿ ಹೋದ. ಗ್ಲೆಂಡಾ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಒಳಗೆ ನಿಂತಿದ್ದಳು. ಚಿಲಕ ತಣ್ಣಗಿತ್ತು. ಎಳೆಯಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಉಪ್ಪು ಬಿದ್ದಿರಲಿಲ್ಲ. ಕರ್ಸ್ಟಿ ಕುರ್ಚಿಯನ್ನು ಹೊರಗೆ ತಂದು, ಬ್ರೇಕು ಹಾಕಿ, ಬಾಗಿಲಿಗೆ ಬೀಗ ಹಾಕಲು ತಿರುಗಿದಳು. ಬ್ರೇಕು ಗಾಲಿಯನ್ನೇನೋ ಹಿಡಿದಿತ್ತು. ಗಾಲಿಯ ಕೆಳಗಿನ ಗಾಜಿನಂಥ ನೆಲವನ್ನು ಯಾರು ಹಿಡಿಯಬೇಕು? ಕುರ್ಚಿ ನಿಧಾನವಾಗಿ, ಆಮೇಲೆ ಬೇಗ ಬೇಗ, ಫುಟ್‌ಪಾತಿನ ಅಂಚಿಗೆ ಜಾರಿ, ಅಂಚಿನಿಂದ ರಸ್ತೆಗೆ ಧಡಕ್ಕನೆ ಇಳಿದು ಕೀತನ ಕಾರಿಗೆ ಗುದ್ದಿ ನಿಂತಿತು.

ಗ್ಲೆಂಡಾ ಹೊರಗೆ ಓಡಿ ಬರುವಷ್ಟರಲ್ಲಿ ಕರ್ಸ್ಟಿ ಮಗಳನ್ನು ತಬ್ಬಿಕೊಂಡು ನೆಲದ ಮೇಲೆ ಮಂಡಿಯೂರಿದ್ದಳು. ಎಫಿಯ ಕೆನ್ನೆ ತರಚಿ ರಕ್ತ ಜಿನುಗುತ್ತಿತ್ತು. ಕೈ ಮುರಿದಿರಲಿಲ್ಲ, ಕಾಲು ಮುರಿದಿರಲಿಲ್ಲ. ಹೆದರಿ ಬಿಕ್ಕಳಿಸುತ್ತಿದ್ದಳು. ಆಮೇಲೆ ತನ್ನ ಮುಂದೆ ಇರುವುದೇನೆಂದು ನೋಡಿ ಕೈ ಚಾಚಿ ಬಡಿದಳು. "ಬೂ," ಎಂದಳು, ಅಳುತ್ತಲೇ.

ಕಾರಿನ ಹಿಂಭಾಗದಲ್ಲಿ ಒಂದು ಗುಳಿ, ಅದರಿಂದ ಹಿಂದಿನ ಚಕ್ರದವರೆಗೆ ಉದ್ದನೆಯ ಗೀರು. ಕರ್ಸ್ಟಿ ಅದನ್ನು ಕಂಡಳು. ಗ್ಲೆಂಡಾಳತ್ತ ಮುಖವೆತ್ತಿದಳು. "ಅಯ್ಯೋ ಗ್ಲೆಂಡಾ, ಕೀತ್ ಕಾರು! ಕ್ಷಮಿಸಿ, ದಯವಿಟ್ಟು ಕ್ಷಮಿಸಿ, ನಾನು ಸರಿ ಮಾಡಿಸಿ ಕೊಡ್ತೀನಿ. ಈ ಕಾರು ನಿಮಗೆ ಏನು ಅಂತ ನಂಗೊತ್ತು. ನೋಡಿ, ಏನು ಮಾಡ್ಬಿಟ್ವಿ ನಾವು..."

ಮಗುವಿನ ಕೆನ್ನೆಯಲ್ಲಿ ರಕ್ತ, ತಾಯಿ ಕಾರಿನ ಗೀರಿಗೆ ಕ್ಷಮೆ ಕೇಳುತ್ತಿದ್ದಾಳೆ. ಗ್ಲೆಂಡಾಳ ಒಳಗೆ ಇಷ್ಟು ದಿನ ಬಿಗಿಹಿಡಿದದ್ದು ಯಾವುದೋ ಕಳಚಿಕೊಂಡಿತು. "ನಾನು ಕಣೇ," ಎಂದಳು.

"ಏನು?"

"ಫೋನ್ ಮಾಡಿದ್ದು ನಾನು. ಆಂಬುಲೆನ್ಸ್ ಅಂತ ಸುಳ್ಳು ಹೇಳಿದ್ದು ನಾನು. ಕ್ರೇಗ್ ಅಲ್ಲ. ಈ ಜಾಗ ಬಿಡ್ಬೇಕಾಗುತ್ತೆ ಅಂತ, ಕಾರು ತೆಗೀಬೇಕಾಗುತ್ತೆ ಅಂತ ಹೇಳ್ಬಿಟ್ಟೆ."

ಆ ಹೊತ್ತಿಗೆ ಕ್ರೇಗ್ ಓಡಿ ಬಂದಿದ್ದ, ಆಚೀಚೆಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು. ಕೇಳಿಸಲಿ ಎಂದೇ ಅವಳು ಇನ್ನೊಂದು ಸಲ ಹೇಳಿದಳು, ಗಟ್ಟಿಯಾಗಿ, ಅಂದು ಕ್ರೇಗನನ್ನು ಬಯ್ದಷ್ಟೇ ಗಟ್ಟಿಯಾಗಿ.

ಕರ್ಸ್ಟಿ ಎದ್ದು ನಿಂತಳು. ಬಯ್ಯುತ್ತಾಳೆ ಎಂದು ಗ್ಲೆಂಡಾ ಕಾದಳು. ಹೊಡೆದಿದ್ದರೂ ತಡೆಯುತ್ತಿರಲಿಲ್ಲ. ಕರ್ಸ್ಟಿ ಮಗಳ ಕೆನ್ನೆಗೆ ಕರವಸ್ತ್ರ ಒತ್ತಿ, ಕುರ್ಚಿಯನ್ನು ಹಿಂದಕ್ಕೆ ಎಳೆದಳು. "ದಾರಿ ಬಿಡಿ, ಮಿಸೆಸ್ ಸಗ್ಡೆನ್," ಎಂದಳು. ಆ ಹೆಸರಿನಿಂದ ಅವಳು ಒಮ್ಮೆಯೂ ಕರೆದಿರಲಿಲ್ಲ. ಮಗಳನ್ನು ಮನೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಬೀದಿಯ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ಉಳಿದವನು ಕ್ರೇಗ್. ಗ್ಲೆಂಡಾ ಒಳಗೆ ಹೋಗಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದ್ದ ಕಾರಿನ ಕೀ ತಂದಳು. ಅವನ ಮುಖ ನೋಡಲು ಆಗಲಿಲ್ಲ. "ನಂಗೆ ಓಡ್ಸೋಕೆ ಬರಲ್ಲ," ಎಂದಳು.

"ಬಂದಿದ್ರೂ ಇದು ಓಡಲ್ಲ. ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತೋ." ಕ್ರೇಗ್ ಟೈರುಗಳನ್ನು ಬಗ್ಗಿ ನೋಡಿದ. "ವರ್ಷಾವರ್ಷ ಆಗ್ಬೇಕಾದ ಪರೀಕ್ಷೆ ಆಗದ ಕಾರು ರಸ್ತೇಲಿ ನಿಲ್ಸೋ ಹಾಗಿಲ್ಲ, ಗೊತ್ತಾ ನಿಮಗೆ? ಯಾರಾದ್ರೂ ಒಂದು ಫೋನ್ ಮಾಡಿದ್ರೆ ಎತ್ಕೊಂಡು ಹೋಗಿರೋರು. ಮೂರು ವರ್ಷ ಬೀದೀಲಿ ಒಬ್ರೂ ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ."

ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ಕ್ರೇಗ್, ನಾನು ನಿಂಗೆ..."

"ಮಾತು ಆಮೇಲೆ. ಒಳಗೆ ಕೂತು ಸ್ಟೀರಿಂಗ್ ಹಿಡ್ಕೊಳಿ. ಹ್ಯಾಂಡ್‌ಬ್ರೇಕ್ ನಾನು ಹೇಳಿದಾಗ ಬಿಡಿ, ಅದಕ್ಕೆ ಮುಂಚೆ ಬೇಡ."

ಟೈರಿಗೆ ಗಾಳಿ ತುಂಬಿ, ಇಳಿಜಾರಿಗೆಲ್ಲ ಉಪ್ಪು ಎರಚಿ, ಕಾರಿಗೆ ಹಗ್ಗ ಕಟ್ಟಿ ಹಿಂದಿನಿಂದ ವ್ಯಾನಿಗೆ ಬಿಗಿದು, ತಡೆದು ತಡೆದು ಇಳಿಸುತ್ತಾ ಕೆಳಗಿನ ಚಾಪೆಲ್ಲಿನ ಹಿಂದಿನ ಖಾಲಿ ಅಂಗಳಕ್ಕೆ ಅದನ್ನು ಸೇರಿಸಿದರು. ಕೀತನ ಸೀಟಿನಲ್ಲಿ ಗ್ಲೆಂಡಾ ಕೂತದ್ದು ಅದೇ ಮೊದಲು. ಇಳಿಯುವಷ್ಟು ಹೊತ್ತೂ ಅತ್ತಳು. ಯಾರಿಗಾಗಿ ಎಂದು ಕೇಳಿದ್ದರೆ ಅವಳಿಗೇ ತಿಳಿಯುತ್ತಿರಲಿಲ್ಲ. ವಾಪಸು ಬಂದು ಖಾಲಿ ಜಾಗದಲ್ಲಿ ಕೀತನ ಕಿತ್ತಳೆ ಕೋನನ್ನಿಟ್ಟಳು, ಇಲ್ಲದಿದ್ದರೆ ಗಂಟೆಯೊಳಗೆ ಬೇರೆ ಯಾವುದಾದರೂ ಕಾರು ಬಂದು ಕೂರುತ್ತಿತ್ತು. ಆಮೇಲೆ ಕೌನ್ಸಿಲಿಗೆ ಫೋನ್ ಮಾಡಿದಳು. ಈ ಸಲ ಕೇಳುವ ಮೊದಲೇ ಹೆಸರು ಹೇಳಿದಳು.

ಕೌನ್ಸಿಲಿನವರಿಗೆ ಬಸ್ಸು ನಿಲ್ಲಿಸುವಾಗ ಇದ್ದ ಅವಸರ ಮತ್ತೆ ಬಿಡುವಾಗ ಇರಲಿಲ್ಲ. ಅಳೆದರು, ಮತ್ತೆ ಅಳೆದರು. ಅಷ್ಟೂ ವಾರ ಕುರ್ಚಿ ಇಳಿಜಾರಿನಲ್ಲಿ ಇಳಿಯಿತು, ಹತ್ತಿತು. ಈಗ ಹಿಂದಿನಿಂದ ಹಿಡಿಯಲು ಕ್ರೇಗ್ ಇದ್ದ. ಕರ್ಸ್ಟಿ ಅವನ ಮನೆಗೆ ಹೋಗಿ ಏನು ಹೇಳಿದಳೋ, ಅವನ ತಾಯಿ ಎಫಿಗೆ ಟೋಪಿ ಹೆಣೆದುಕೊಟ್ಟಳು. 'ಹದಿನಾರರವರು ಇಲ್ಲ, ತಗೋತೀರಾ' ಎಂದು ಗ್ಲೆಂಡಾಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ಪಾರ್ಸೆಲ್ಲುಗಳು ಹತ್ತೊಂಬತ್ತಕ್ಕೆ ಹೋಗುತ್ತಿದ್ದವು. ಅಂಗಡಿಯಲ್ಲಿ ಈಗ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳು ಹಾಲು ತೆಗೆದುಕೊಂಡು ಹೊರಗೆ ಬರುತ್ತಿದ್ದಳು. ಕ್ರೇಗ್ ಇದನ್ನು ಅಷ್ಟು ದಿನ ಹೇಗೆ ಸಹಿಸಿದ ಎಂದು ಅವಳಿಗೆ ಪ್ರತಿ ಸಲವೂ ನೆನಪಾಗುತ್ತಿತ್ತು.

ಮಾರ್ಚಿನಲ್ಲಿ ಬಿಳಿ ಗೆರೆ ಬಿತ್ತು, ಬಸ್ಸು ಬಂತು. ಹನೀಫ್ ಅದನ್ನು ಸಲೀಸಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂದಿನ ಕಾರುಗಳು ಹಾಯಾಗಿ ದಾಟಿ ಹೋದವು, ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಗ್ಲೆಂಡಾ ಪರದೆಯ ಹಿಂದೆ ನಿಂತು ನೋಡಿದಳು. ಎಫಿಯ ಕುರ್ಚಿ ಹೊರಗೆ ಬಂತು. ಅವಳ ಬಲಗೈ ತಡವರಿಸುತ್ತಾ ಚಾಚಿತು, ಗಾಳಿಯಲ್ಲಿ ಅತ್ತಿತ್ತ ಹುಡುಕಿತು, ಏನೂ ಸಿಗದೆ ತೊಡೆಯ ಮೇಲೆ ಬಿತ್ತು. ಮಗು ತಾಯಿಯ ಮುಖ ನೋಡಿತು. ಲಿಫ್ಟು ಮೇಲೇರಿತು.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಪಾರ್ಸೆಲ್ಲಿನವನು. "ಹದಿನಾರರವರದು."

"ಎದುರು ಮನೆ, ಹತ್ತೊಂಬತ್ತಕ್ಕೆ ಕೊಡಪ್ಪ," ಎಂದಳು ಗ್ಲೆಂಡಾ. "ಅವರದು ಅಲ್ಲೇ ಇಡೋದು."

"ಇಲ್ಲಮ್ಮ, ಮನೇಲಿ ಇಲ್ದಿದ್ರೆ ಹದಿನಾಲ್ಕಕ್ಕೆ ಕೊಡಿ ಅಂತ ಹೇಳಿದ್ದಾರೆ." ಪೆಟ್ಟಿಗೆಯನ್ನು ಅವಳ ಕೈಗಿಟ್ಟು ಹೋಗಿಬಿಟ್ಟ.

ಅವಳು ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಖುಷಿಯಾಗಬೇಕಿತ್ತು. ಆದದ್ದು ಭಯ. ಕೆಟಲ್ ಕಾಯಿಸಿದಳು, ಎರಡು ಲೋಟ ತೆಗೆದಿಟ್ಟಳು, ಆಮೇಲೆ ಒಂದನ್ನು ತಿರುಗಿ ಕಪಾಟಿಗೆ ಸೇರಿಸಿದಳು.

ಸಂಜೆ ಕರ್ಸ್ಟಿ ಬಂದಳು. ಹೊಸ್ತಿಲು ದಾಟಲಿಲ್ಲ. ಪೆಟ್ಟಿಗೆ ತೆಗೆದುಕೊಂಡು "ಥ್ಯಾಂಕ್ಸ್" ಎಂದಳು. ಎರಡು ಮೆಟ್ಟಿಲಿಳಿದು ನಿಂತಳು.

"ಎಫಿ ದಿನಾ ಆ ಕಾರು ಹುಡುಕ್ತಾಳೆ."

"ಚಾಪೆಲ್ ಹಿಂದೆ ಇದೆ," ಎಂದಳು ಗ್ಲೆಂಡಾ.

"ಗೊತ್ತು. ಭಾನುವಾರ ಕರ್ಕೊಂಡು ಹೋಗ್ತೀನಿ. ಒಳಗೆ ಕೂರಿಸ್ಬೇಕು ಅಂತಿದೀನಿ, ಕ್ರೇಗ್ ಎತ್ತಿ ಕೂರಿಸ್ತಾನೆ. ಕೀ ಕೊಡ್ತೀರಾ?"

ಗ್ಲೆಂಡಾ ಬಾಗಿಲ ಹಿಂದಿನ ಮೊಳೆಯಿಂದ ಕೀ ತೆಗೆದಳು. ಕೀತ್ ಸಿಕ್ಕಿಸಿದ್ದ ಚರ್ಮದ ತುಂಡು ಅದರಲ್ಲಿ ಹಾಗೆಯೇ ಇತ್ತು. ಅದನ್ನು ಬಿಚ್ಚಿಕೊಳ್ಳಲೇ ಎಂದು ಒಂದು ಕ್ಷಣ ಅನ್ನಿಸಿತು, ಬಿಚ್ಚಲಿಲ್ಲ. ಭಾನುವಾರ ಅವಳು ಈಗಲೂ ಚಾಪೆಲ್ ಹಿಂದೆ ಹೋಗಿ ಕಾರು ತೊಳೆಯುವ ದಿನ, ಕರ್ಸ್ಟಿಗೆ ಅದು ಗೊತ್ತಿತ್ತು. ಕರ್ಸ್ಟಿ ಕೀಯನ್ನು ಜೇಬಿಗೆ ಹಾಕಿಕೊಂಡಳು, ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡಳು. ನೀವೂ ಬನ್ನಿ ಎಂದು ಹೇಳಲಿಲ್ಲ.